ಗಾಲಿ ಕೂತಿದೆಯಾ?

ಬೀರೂರು ದಾಟಿದ ಮೇಲೆ ರೈಲಿನ ಕಿಟಕಿಯಾಚೆ ನೆಲದ ಬಣ್ಣವೇ ಬೇರೆ. ತರೀಕೆರೆಯ ಹೊತ್ತಿಗೆ ತೆಂಗಿನ ನಡುವೆ ಅಡಿಕೆ ತಲೆಯೆತ್ತುತ್ತದೆ, ಹೊಡೆ ತುಂಬಿದ ಭತ್ತದ ಗದ್ದೆಗಳು ಹಳಿಯ ಪಕ್ಕದವರೆಗೂ ಬರುತ್ತವೆ. ಆಯುಧಪೂಜೆಗೆ ಊರಿಗೆ ಹೊರಟವರಿಂದ ಬೋಗಿ ಕಿಕ್ಕಿರಿದಿತ್ತು. ಬೆಂಗಳೂರಿನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿರುವ ಅವನಿಗೆ ಈ ದಾರಿ ಹೊಸದಲ್ಲ. ಹುಟ್ಟಿದ್ದು, ಐಟಿಐ ಮುಗಿಸುವ ತನಕ ಬೆಳೆದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲೇ. ಈ ಸಲ ಮಾತ್ರ ಬ್ಯಾಗಿನೊಳಗೆ ಎರಡು ಜೊತೆ ಬಟ್ಟೆಯ ಕೆಳಗೆ, ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ನಟ್ಟು ಇತ್ತು. ಅಂಗೈ ತುಂಬುವಷ್ಟು ದೊಡ್ಡದು, ಆದರೆ ಗಾತ್ರಕ್ಕೆ ತಕ್ಕ ತೂಕವಿಲ್ಲ, ಅಲ್ಯುಮಿನಿಯಂ ಮಿಶ್ರಲೋಹದ್ದು. ಒಳಗಿನ ಥ್ರೆಡ್ಡಿನ ಎರಡು ಸುತ್ತು ಕಿತ್ತು ಬಂದಿದ್ದವು.

ಅದನ್ನು ದೊಡ್ಡಪ್ಪನಿಗೆ ತೋರಿಸಬೇಕಿತ್ತು.

ಭದ್ರಾವತಿಯಲ್ಲಿ ಇಳಿದವರನ್ನು ಆಟೋದವರು ಮೊದಲು ಕೇಳುವುದು ‘ಯಾವ ಟೌನ್?’ ಅಂತ. ಉಕ್ಕಿನ ಕಾರ್ಖಾನೆಯ ಸುತ್ತ ಬೆಳೆದದ್ದು ನ್ಯೂಟೌನ್. 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸಿನ ಬಳಿಯದು ಪೇಪರ್‌ಟೌನ್. ಇವೆರಡೂ ಹುಟ್ಟುವ ಮೊದಲೇ, ಊರಿಗೆ ಬೆಂಕಿಪುರ ಎಂಬ ಹೆಸರಿದ್ದ ಕಾಲದಿಂದ ಹೊಳೆಯ ದಂಡೆಯಲ್ಲಿ ಇದ್ದದ್ದು ಓಲ್ಡ್ ಟೌನ್. ಪತ್ರಿಕೆಗಳು ಅದನ್ನು ಹಳೇನಗರ ಎಂದು ಬರೆಯುತ್ತವೆ, ಜನರ ಬಾಯಲ್ಲಿ ಅದು ಓಲ್ಡ್ ಟೌನೇ. ಭದ್ರಾ ಹೊಳೆ ನಡುವೆ ಹರಿದು ಹಳೆಯದನ್ನೂ ಹೊಸದನ್ನೂ ಬೇರೆ ಮಾಡಿದೆ. ಸೇತುವೆಯ ಮೇಲೆ ನಿಂತರೆ ಒಂದು ಕಡೆ ಗುಡಿ, ಸಂತೆ, ಓಣಿ, ಇನ್ನೊಂದು ಕಡೆ ಚಿಮಣಿ.

ಆ ಚಿಮಣಿಗಳ ಕಡೆಗೆ ನೋಡದೆ ಭದ್ರಾವತಿಯವರು ಸೇತುವೆ ದಾಟುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡದ್ದು 1923ರ ಜನವರಿಯಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲಿನ ಗಣಿ ಹತ್ತಿರದಲ್ಲಿಲ್ಲವೆಂದು ಮಲೆನಾಡಿನ ಮರದ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಿದರು. ಮುಂದೆ ಅದೇ ಕಾರ್ಖಾನೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು ಮಿಶ್ರಲೋಹದ ಉಕ್ಕು ತಯಾರಿಸಿತು, ಸೇಲ್ ಸಂಸ್ಥೆಯ ಕೈಸೇರಿತು. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಅದೇ ವರ್ಷದ ಆಗಸ್ಟಿನಲ್ಲಿ ಕೆಲಸ ಭಾಗಶಃ ಮತ್ತೆ ಶುರುವಾಯಿತು. ಅವನ ದೊಡ್ಡಪ್ಪ ಅಲ್ಲಿಯ ಮೆಷಿನ್ ಶಾಪಿನಲ್ಲಿ ಟರ್ನರ್ ಆಗಿ ನಿವೃತ್ತರಾದವರು. ಲೇತಿನ ಮುಂದೆ ನಿಂತೇ ಬೆಳಗು ಬೈಗು ಕಳೆದವರು. ನಟ್ಟನ್ನು ಕೈಗೆ ಕೊಟ್ಟ ಕೂಡಲೇ ಅವರು ಕನ್ನಡಕ ಹುಡುಕಲಿಲ್ಲ. ಕಿರುಬೆರಳನ್ನು ಒಳಗೆ ತೂರಿಸಿ ಥ್ರೆಡ್ಡಿನ ಗುಂಟ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು.

‘ಒಣದ್ದನ್ನೇ ತಿರುಗಿಸಿದೀಯ ಕಣೋ,’ ಅಂದರು.

ಅಷ್ಟು ಸಾಕಿತ್ತು. ನಡೆದದ್ದೂ ಅದೇ. ಮಧ್ಯಾಹ್ನ ಊಟದ ಹೊತ್ತು ಮೀರಿತ್ತು, ಗಿರಾಕಿ ಹೊರಗೆ ಕಾಯುತ್ತಿದ್ದ, ಸ್ಪೋರ್ಟ್ಸ್ ಕಾರಿನ ನಾಲ್ಕನೆಯ ಗಾಲಿ. ಮೊದಲ ಮೂರಕ್ಕೂ ಥ್ರೆಡ್ಡಿಗೆ ಪೇಸ್ಟ್ ಬಳಿದಿದ್ದ ಕೈ ನಾಲ್ಕನೆಯದಕ್ಕೆ ಮರೆಯಿತು. ಕೈಯಲ್ಲಿ ಎರಡು ಸುತ್ತು ತಿರುಗಿಸದೆ ನೇರ ಗಾಳಿಯಿಂದ ನಟ್ಟು ಬಿಗಿಯುವ ಗನ್ ಹಿಡಿದ. ಒಣ ಲೋಹದ ಮೇಲೆ ಒಣ ಲೋಹ ಉಜ್ಜಿ, ಕಾದು, ಒಂದಕ್ಕೊಂದು ಕಚ್ಚಿಕೊಂಡು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಬಿಚ್ಚುವಾಗ ಥ್ರೆಡ್ಡೇ ಸಿಪ್ಪೆ ಸುಲಿದಂತೆ ಬಂತು. ಮಾಮೂಲಿ ಕಾರಾಗಿದ್ದರೆ ನಾಲ್ಕು ನಟ್ಟಿನಲ್ಲಿ ಒಂದು ಹಾಳಾದರೆ ಮೂರು ಉಳಿಯುತ್ತವೆ, ಹೇಗೋ ಮನೆ ಸೇರಬಹುದು. ಈ ಕಾರಿನ ಗಾಲಿಗೆ ಇರುವುದೇ ಒಂದು ನಟ್ಟು, ನಟ್ಟ ನಡುವೆ. ಸೆಂಟರ್ ಲಾಕ್ ಅನ್ನುವುದು ಅದಕ್ಕೇ.

‘ಒಂದೇ ಯಾಕೆ ಇಟ್ಟರು?’ ದೊಡ್ಡಪ್ಪ ಕೇಳಿದರು. ಕೇಳಿದ್ದು ಅವರೊಳಗಿನ ಟರ್ನರ್.

ಉತ್ತರ ರೇಸಿನಲ್ಲಿದೆ. 1906ರಲ್ಲಿ ಫ್ರಾನ್ಸಿನಲ್ಲಿ ಮೊದಲ ಗ್ರ್ಯಾನ್ ಪ್ರೀ ನಡೆದಾಗ ಟೈರು ಪಂಕ್ಚರ್ ಆದರೆ ಚಾಲಕ ಮತ್ತು ಜೊತೆಗಿದ್ದ ಮೆಕ್ಯಾನಿಕ್ ಇಬ್ಬರೇ ಇಳಿದು, ಚಾಕುವಿನಿಂದ ರಬ್ಬರು ಕತ್ತರಿಸಿ ತೆಗೆದು, ಹೊಸದನ್ನು ರಿಮ್ಮಿನ ಮೇಲೆ ಎಳೆದು ಕೂರಿಸಬೇಕಿತ್ತು. ಒಂದಕ್ಕೆ ಕಾಲು ಗಂಟೆಯ ಮಾತು. ರೆನೋ ತಂಡದ ಫೆರೆಂಕ್ ಸಿಸ್ ಮಿಶೆಲಿನ್ ಕಂಪನಿಯ ಬಿಚ್ಚುವ ರಿಮ್ ಬಳಸಿದ. ಟೈರಿನ ಸಮೇತ ರಿಮ್ಮೇ ಬದಲಾಗುತ್ತಿತ್ತು, ನಾಲ್ಕು ನಿಮಿಷದೊಳಗೆ ಕೆಲಸ ಮುಗಿಯುತ್ತಿತ್ತು. ಎರಡು ದಿನದ ಆ ರೇಸನ್ನು ಆತ ಅರ್ಧ ಗಂಟೆಗೂ ಹೆಚ್ಚಿನ ಅಂತರದಲ್ಲಿ ಗೆದ್ದ. ಗಾಲಿ ಬದಲಿಸುವುದೂ ರೇಸಿನ ಒಂದು ಭಾಗ ಅನ್ನುವುದು ಅಂದೇ ಎಲ್ಲರಿಗೂ ಗೊತ್ತಾಯಿತು.

ರಿಮ್ಮಿಗೆ ಎಂಟು ನಟ್ಟು ಬಿಚ್ಚಬೇಕಿತ್ತು. ಅದನ್ನು ಒಂದಕ್ಕೆ ಇಳಿಸಿದ್ದು ಇಂಗ್ಲೆಂಡಿನ ಕವೆಂಟ್ರಿಯ ಒಂದು ಸೈಕಲ್ ಕಂಪನಿ, ರಡ್ಜ್-ವಿಟ್‌ವರ್ತ್. ತಂತಿ ಕಡ್ಡಿಗಳ ಇಡೀ ಗಾಲಿಯನ್ನು ಹಲ್ಲುಹಲ್ಲಾದ ಹಬ್ಬಿನ ಮೇಲೆ ತಳ್ಳಿ, ಹೊರಗಿನಿಂದ ಒಂದೇ ದೊಡ್ಡ ನಟ್ಟಿನಿಂದ ಬಿಗಿಯುವ ಏರ್ಪಾಡು ಅದು. ಎಷ್ಟು ಬೇಗ ಬದಲಾಗುತ್ತಿತ್ತೆಂದರೆ 1908ರ ಫ್ರೆಂಚ್ ಗ್ರ್ಯಾನ್ ಪ್ರೀಯಲ್ಲಿ ಬಿಚ್ಚುವ ಗಾಲಿಗಳನ್ನೇ ನಿಷೇಧಿಸಿದರು. ಅದನ್ನೇ ನಂಬಿಕೊಂಡಿದ್ದ ಬ್ರಿಟನ್ನಿನ ನೇಪಿಯರ್ ತಂಡ ರೇಸಿನಿಂದಲೇ ಹಿಂದೆ ಸರಿಯಿತು.

ಸೈಕಲ್ ಕಂಪನಿ ಎಂದ ಕೂಡಲೇ ದೊಡ್ಡಪ್ಪನ ಮುಖ ಅರಳಿತು. ಅಂಗಳದಲ್ಲಿ ಒರಗಿಸಿಟ್ಟಿದ್ದ ತಮ್ಮ ಸೈಕಲ್ಲಿನ ಎಡ ಪೆಡಲನ್ನು ತೋರಿಸಿದರು. ಅದು ಉಲ್ಟಾ ಥ್ರೆಡ್ಡು. ಬಲದ್ದು ಮಾಮೂಲಿ. ತುಳಿಯುತ್ತ ತುಳಿಯುತ್ತ ಪೆಡಲು ತಾನೇ ಸಡಿಲವಾಗಿ ಬೀಳದಿರಲಿ ಎಂದು ಹಾಗೆ. ಒಂದಕ್ಕೊಂದು ಅಂಟಿಕೊಂಡು ಭಾರ ಹೊತ್ತು ತಿರುಗುವ ಎರಡು ಲೋಹಗಳ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಸಾಕು, ಪ್ರತಿ ಸುತ್ತಿಗೂ ಒಂದು ಇನ್ನೊಂದರೊಳಗೆ ಚೂರುಚೂರೇ ಉರುಳುತ್ತದೆ. ಸಾವಿರ ಸುತ್ತಿನಲ್ಲಿ ಆ ಚೂರುಗಳೆಲ್ಲ ಕೂಡಿ ನಟ್ಟು ಒಂದೋ ಬಿಗಿಯುತ್ತದೆ, ಇಲ್ಲವೇ ಕಳಚುತ್ತದೆ. ರಡ್ಜ್ ಮಾದರಿಯ ಹಳೆಯ ಕಾರುಗಳಲ್ಲಿ ಎಡಗಡೆಯ ಗಾಲಿಗೆ ಮಾಮೂಲಿ ಥ್ರೆಡ್ಡು, ಬಲಗಡೆಯದಕ್ಕೆ ಉಲ್ಟಾ. ಓಡುತ್ತ ಓಡುತ್ತ ಗಾಲಿ ತನ್ನ ನಟ್ಟನ್ನು ತಾನೇ ಬಿಗಿದುಕೊಳ್ಳುತ್ತದೆ. ಎಡಬಲ ಅದಲುಬದಲಾದರೆ ಅದೇ ಓಟ ಅದನ್ನು ಬಿಚ್ಚಿ ಎಸೆಯುತ್ತದೆ. ಆದ್ದರಿಂದಲೇ ಹಳೆಯ ಜಾಗ್ವಾರ್ ನಟ್ಟುಗಳ ಮೇಲೆ ಯಾವ ಬದಿಯದು, ಯಾವ ಕಡೆಗೆ ಬಿಚ್ಚಬೇಕು ಎಂದು ಬಾಣದ ಗುರುತಿನ ಸಮೇತ ಅಚ್ಚು ಹಾಕಿರುತ್ತಿದ್ದರು.

ಆ ನಟ್ಟುಗಳಿಗೆ ಎರಡೋ ಮೂರೋ ಕಿವಿ. ಉಪಕರಣವೆಂದರೆ ಒಂದು ಸುತ್ತಿಗೆ ಮಾತ್ರ, ಅದೂ ತಾಮ್ರದ್ದೋ ಸೀಸದ್ದೋ ಹಸಿ ತೊಗಲಿನದ್ದೋ. ಉಕ್ಕಿನ ಸುತ್ತಿಗೆಯಿಂದ ಹೊಡೆದರೆ ಕಿವಿ ಜಜ್ಜಿಹೋಗುತ್ತದೆ. ಚೂಪು ಕಿವಿಗಳು ರಸ್ತೆಯಲ್ಲಿ ನಡೆಯುವವರ ಕಾಲಿಗೆ ಅಪಾಯವೆಂದು 1968ರ ಹೊತ್ತಿಗೆ ಅಮೆರಿಕ ಅವನ್ನು ನಿಷೇಧಿಸಿತು. ಆಮೇಲೆ ಕಿವಿಯಿಲ್ಲದ ಎಂಟು ಮೂಲೆಯ ನಟ್ಟು ಬಂತು, ಅದಕ್ಕೊಪ್ಪುವ ವಿಶೇಷ ಸ್ಪ್ಯಾನರ್ ಬಂತು.

ಇವತ್ತಿನ ಗ್ಯಾರೇಜಿನ ಕೆಲಸ ಇನ್ನಷ್ಟು ತಾಳ್ಮೆ ಬೇಡುತ್ತದೆ. 991 ತಲೆಮಾರಿನ ಪೋರ್ಷೆ 911 ಜಿಟಿ3 ಕಾರಿನ ನಟ್ಟಿಗೆ ಹೇಳಿರುವ ಬಿಗಿತ 600 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಹಿಡಿಯ ತುದಿಗೆ 61 ಕಿಲೋ ತೂಕ ನೇತುಹಾಕಿದಷ್ಟು. ಸಣ್ಣ ಕಾರಿನ ಒಂದು ನಟ್ಟಿಗೆ ಅದರ ಆರನೇ ಒಂದು ಪಾಲು ಸಾಕು. ಮೊಣಕೈಯುದ್ದದ ರೆಂಚಿನಿಂದ ಇದು ಆಗುವ ಕೆಲಸವಲ್ಲ, ಆಳುದ್ದದ ಟಾರ್ಕ್ ರೆಂಚ್ ಬೇಕು. ಒಬ್ಬನಿಂದಲೂ ಆಗದು: ಒಬ್ಬ ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಹೊರಗೆ ರೆಂಚಿಗೆ ಮೈಭಾರ ಕೊಡಬೇಕು. ಮೊದಲು ಥ್ರೆಡ್ಡಿಗೂ ನಟ್ಟಿನ ಇಳಿಜಾರು ಮುಖಕ್ಕೂ ಪೇಸ್ಟ್. ಆಮೇಲೆ ಕೈಯಿಂದಲೇ ತಿರುಗಿಸಿ ಥ್ರೆಡ್ಡು ನೇರವಾಗಿ ಹಿಡಿದಿದೆಯೇ ನೋಡುವುದು. 600ಕ್ಕೆ ಬಿಗಿದು, ಕಾಲು ಸುತ್ತು ಸಡಿಲಿಸಿ, ಮತ್ತೆ 600ಕ್ಕೆ ಬಿಗಿಯುವುದು. ಮೊದಲ ಸಲ ಬಿಗಿದಾಗ ಗಾಲಿ ತನ್ನ ಜಾಗ ಹುಡುಕಿಕೊಳ್ಳುತ್ತದೆ, ಎರಡನೆಯ ಸಲ ಅಲ್ಲಿ ನಿಲ್ಲುತ್ತದೆ. ಕಡೆಗೆ ನಟ್ಟಿನ ನಡುವಿನ ಸ್ಪ್ರಿಂಗ್ ಲಾಕ್ ಹೊರಗೆ ಜಿಗಿದು ಹಲ್ಲಿಗೆ ಸಿಕ್ಕಿಕೊಂಡಿತೇ ಎಂದು ಬೆರಳಿಟ್ಟು ನೋಡುವುದು. ಈ ಕೊನೆಯ ಬೆರಳು ಇಡುವುದನ್ನು ಮರೆತವನು ಉಳಿದದ್ದೆಲ್ಲ ಸರಿಯಾಗಿ ಮಾಡಿಯೂ ಕೆಲಸ ಅರ್ಧಕ್ಕೆ ಬಿಟ್ಟಂತೆ.

ಇಷ್ಟನ್ನು ಗ್ಯಾರೇಜಿನಲ್ಲಿ ಒಂದು ಗಾಲಿಗೆ ಹತ್ತು ನಿಮಿಷ ಇಟ್ಟುಕೊಂಡು ಮಾಡುತ್ತಾರೆ. ಫಾರ್ಮುಲಾ ಒನ್ನಿನಲ್ಲಿ ನಾಲ್ಕಕ್ಕೂ ಸೇರಿ ಎರಡು ಸೆಕೆಂಡು. 2023ರಲ್ಲಿ ಕತಾರಿನಲ್ಲಿ ಮೆಕ್‌ಲಾರೆನ್ ತಂಡ ಲ್ಯಾಂಡೊ ನಾರಿಸ್‌ನ ಕಾರಿಗೆ 1.80 ಸೆಕೆಂಡಿನಲ್ಲಿ ನಾಲ್ಕು ಗಾಲಿ ಬದಲಿಸಿತು. ಅದರ ವಿಡಿಯೊವನ್ನು ದೊಡ್ಡಪ್ಪ ಅವನ ಫೋನಿನಲ್ಲಿ ಮೂರು ಸಲ ನೋಡಿದರು. ಮೂರನೆಯ ಸಲ ನಿಧಾನ ಗತಿಯಲ್ಲಿ. ಒಂದೊಂದು ಗಾಲಿಗೆ ಮೂವರು: ಗನ್ ಹಿಡಿದವನು, ಹಳೆಯದನ್ನು ಎಳೆಯುವವನು, ಹೊಸದನ್ನು ತಳ್ಳುವವನು. ಹಿಂದೆ ಮುಂದೆ ಜಾಕಿನವರು. ಕಾರು ಇನ್ನೂ ಪೂರ್ತಿ ನಿಲ್ಲುವ ಮೊದಲೇ ಗನ್ನಿನ ಬಾಯಿ ನಟ್ಟಿನ ಮೇಲೆ ಇರುತ್ತದೆ. ನಟ್ಟು ಗಾಲಿಯಲ್ಲೇ ಸಿಕ್ಕಿಕೊಂಡಿರುವುದರಿಂದ ಬಿದ್ದು ಉರುಳುವ ಭಯವಿಲ್ಲ. ಹಬ್ಬಿನ ಮುಖದ ಮೊಳೆಗಳು ಗಾಲಿಯ ತೂತುಗಳಿಗೆ ಹೊಕ್ಕರೆ ತಿರುಗಿಸುವ ಭಾರವೆಲ್ಲ ಅವಕ್ಕೆ. ನಟ್ಟಿನ ಕೆಲಸ ಒತ್ತಿ ಹಿಡಿಯುವುದಷ್ಟೆ.

‘ಇವರು ಬಲ ಹಾಕ್ತಾ ಇಲ್ಲ ನೋಡು,’ ಅಂದರು ದೊಡ್ಡಪ್ಪ. ‘ನೇರ ಇಡ್ತಾ ಇದಾರೆ. ಬಲ ಎಲ್ಲಾ ಗಾಳಿದು.’

ಆ ಮಾತು ಎಷ್ಟು ನಿಜವೆಂದು 2021ರ ಮೊನಾಕೊ ರೇಸ್ ನೋಡಿದವರಿಗೆ ಗೊತ್ತು. ಮರ್ಸಿಡಿಸ್ ತಂಡದ ವಾಲ್ಟೇರಿ ಬೋಟಾಸ್ ಎರಡನೆಯ ಸ್ಥಾನದಲ್ಲಿದ್ದ. ಗಾಲಿ ಬದಲಿಸುವ ಜಾಗವಾದ ಪಿಟ್ಟಿಗೆ ಬಂದಾಗ ಮುಂದಿನ ಬಲ ಗಾಲಿಯ ಮೇಲೆ ಗನ್ ಕೊಂಚ ಓರೆಯಾಗಿ ಕೂತಿತು. ಅಷ್ಟು ಬಲದಲ್ಲಿ ತಿರುಗಿದ ಅದು ನಟ್ಟಿನ ಹಲ್ಲುಗಳನ್ನೇ ಸವರಿಬಿಟ್ಟಿತು. ತಲೆ ಸವೆದ ಸ್ಕ್ರೂವಿನ ಮೇಲೆ ಸ್ಕ್ರೂಡ್ರೈವರ್ ಜಾರಿದಂತೆ ಗನ್ ಸುಮ್ಮನೆ ಸುತ್ತಿತು. ರೇಸ್ ಅಲ್ಲೇ ಮುಗಿಯಿತು. ಗಾಲಿಯ ಸಮೇತ ಕಾರನ್ನು ಇಂಗ್ಲೆಂಡಿನ ಕಾರ್ಖಾನೆಗೆ ಸಾಗಿಸಿ, 43 ಗಂಟೆಗಳ ನಂತರ ಅದನ್ನು ಬಿಚ್ಚಿದರು. ಎರಡು ಸೆಕೆಂಡಿನ ಕೆಲಸ!

ಬಿಚ್ಚದಿರುವುದಕ್ಕಿಂತ ಕೆಟ್ಟದ್ದು ತಾನೇ ಬಿಚ್ಚಿಕೊಳ್ಳುವುದು. 1987ರ ಹಂಗೆರಿಯಲ್ಲಿ ನೈಜೆಲ್ ಮ್ಯಾನ್ಸೆಲ್ ಮುಂದಿದ್ದ, ಉಳಿದದ್ದು ಆರೇ ಸುತ್ತು. ಹಿಂಗಾಲಿಯ ನಟ್ಟು ಕಳಚಿತು, ಗೆಲುವು ನೆಲ್ಸನ್ ಪಿಕೆಗೆ ಹೋಯಿತು. 2013ರ ಜರ್ಮನಿಯಲ್ಲಿ ಮಾರ್ಕ್ ವೆಬರ್‌ನ ಕಾರಿನಿಂದ ಕಳಚಿದ ಗಾಲಿ ಪಿಟ್ ಲೇನಿನಲ್ಲಿ ಪುಟಿಯುತ್ತ ಹೋಗಿ ಒಬ್ಬ ಕ್ಯಾಮೆರಾಮನ್‌ಗೆ ಬಡಿದು ಗಾಯಗೊಳಿಸಿತು. ನಟ್ಟು ಸಡಿಲಾದರೂ ಗಾಲಿ ಕಳಚದಂತೆ ಎರಡನೆಯ ಹಿಡಿತವೊಂದು ಇರಲೇಬೇಕು ಎಂಬ ನಿಯಮದ ಹಿಂದೆ ಇಂಥ ದಿನಗಳ ನೆನಪಿದೆ.

ಕನ್ನಡನಾಡಿನ ರೇಸು ಪ್ರಿಯರಿಗೆ ಇದು ದೂರದ ದೇಶದ ಸುದ್ದಿಯಾಗಿ ಉಳಿದಿಲ್ಲ. ಬೆಂಗಳೂರಿನ ಅರ್ಜುನ್ ಮೈನಿ 2021ರಿಂದ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಓಡಿಸಿದ ಮರ್ಸಿಡಿಸ್ ಎಎಂಜಿ ಜಿಟಿ3ಯ ಗಾಲಿಗೂ ನಡುವಿನ ಒಂದೇ ನಟ್ಟು. ಅಂಥ ಕಾರುಗಳ ಹೊಟ್ಟೆಯೊಳಗೇ ಗಾಳಿಯ ಜಾಕ್ ಇರುತ್ತದೆ, ಹೊರಗಿನಿಂದ ಗಾಳಿಯ ಕೊಳವೆ ಚುಚ್ಚಿದರೆ ಕಾರು ತಾನೇ ಕಾಲೂರಿ ಎದ್ದು ನಿಲ್ಲುತ್ತದೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿಗಳದ್ದು ಬೇರೆ ಲೋಕ. ಅಲ್ಲಿ ಸಾಮಾನ್ಯವಾಗಿ ನಾಲ್ಕೈದು ನಟ್ಟಿನ ಗಾಲಿಗಳೇ, ಕೆಸರಿನಲ್ಲಿ ಮಂಡಿಯೂರಿ ಬದಲಿಸುವವರು ಚಾಲಕ ಮತ್ತು ಜೊತೆಗಾರ.

ಸಂಜೆ ಅವರಿಬ್ಬರೂ ಲಕ್ಷ್ಮೀನರಸಿಂಹಸ್ವಾಮಿ ಗುಡಿಗೆ ಹೋದರು. ಹೊಯ್ಸಳರ ಕಾಲದ, 13ನೇ ಶತಮಾನದ ತ್ರಿಕೂಟ. ಓಲ್ಡ್ ಟೌನಿನ ಮಕ್ಕಳಿಗೆಲ್ಲ ಅದು ಕಣ್ಣಾಮುಚ್ಚಾಲೆಯ ಜಾಗ. ಚಿಕ್ಕಂದಿನಲ್ಲಿ ಅವನು ಅಡಗಿ ಕೂರುತ್ತಿದ್ದ ಬಳಪದ ಕಲ್ಲಿನ ಕಂಬದ ಹತ್ತಿರ ದೊಡ್ಡಪ್ಪ ಈಗ ನಿಂತು ಅಂಗೈಯಿಂದ ಅದರ ಉಂಗುರಗಳನ್ನು ಸವರಿದರು. ಲೇತಿನಲ್ಲಿ ಕಡೆದಂತೆ ದುಂಡಗೆ, ಒಂದರ ಮೇಲೊಂದು ಉಂಗುರ. ನಡುವಿನ ಬಿಂದು ಎಲ್ಲಿ ಅಂತ ಸಿಕ್ಕಿದ ಮೇಲೆ ಮಿಕ್ಕದ್ದು ಸುಲಭ ಎಂದು ಅವರು ಕಂಬಕ್ಕೋ ಹುಡುಗನಿಗೋ ಹೇಳಿದರು. ಹೊರಬರುವಾಗ ಕೈಕೇಯಿಯ ಕತೆ ನೆನಪಾಯಿತು. ಹರಿಕಥೆಯಲ್ಲಿ, ಅಜ್ಜಿಯರ ಬಾಯಲ್ಲಿ ಬರುವ ಕತೆ: ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿದಾಗ ಆಕೆ ಅಚ್ಚಿನ ತೂತಿಗೆ ತನ್ನ ಬೆರಳನ್ನೇ ಇಟ್ಟು ಗಾಲಿ ಉಳಿಸಿದಳಂತೆ. ಎರಡು ವರ ಸಿಕ್ಕಿದ್ದು ಅದಕ್ಕೆ. ರಾಮಾಯಣದ ಅಷ್ಟೂ ದುಃಖ ಒಂದು ಕಡಾಣಿಯ ತೂತಿನಿಂದ ಶುರುವಾಗುತ್ತದೆ.

‘ನಮ್ಮಪ್ಪನ ಗಾಡಿಗೂ ಒಂದೇ ಕಡಾಣಿ,’ ಅಂದರು ದೊಡ್ಡಪ್ಪ. ‘ನಾಳೆ ಬೆಳಿಗ್ಗೆ ಕೀಲೆಣ್ಣೆ ಹಾಕಬೇಕು. ನೀನೇ ಬಿಚ್ಚು.’

ಆ ಗಾಡಿ ಹಿತ್ತಿಲ ಕೊಟ್ಟಿಗೆಯಲ್ಲಿದೆ. ಎತ್ತು ಮಾರಿ ಎಷ್ಟೋ ವರ್ಷವಾಯಿತು, ಸುತ್ತಲ ಹಳ್ಳಿಗಳಲ್ಲಿ ಮರದ ಗಾಲಿಯ ಜಾಗಕ್ಕೆ ಟೈರ್ ಗಾಡಿ ಬಂದು, ಅದರ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಆದರೂ ಆಯುಧಪೂಜೆಯ ದಿನ ಅದನ್ನು ಹೊರಗೆಳೆದು ತೊಳೆಯದೆ ದೊಡ್ಡಮ್ಮ ಒಲೆ ಹಚ್ಚುವುದಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಮೂಕಿಯನ್ನು ಕಲ್ಲಿನ ಮೇಲೆ ಊರಿ ನಿಲ್ಲಿಸಿದ್ದಾಯಿತು. ಆಚೆ ಗಾಲಿಗೆ ಹಿಂದೆ ಮುಂದೆ ಎರಡು ಕಲ್ಲು. ಹುಡುಗ ಅಚ್ಚಿನ ಕೆಳಗೆ ಹಾರೆ ಕೊಟ್ಟು ಮೀಟಿದ, ದೊಡ್ಡಪ್ಪ ಮರದ ದಿಮ್ಮಿ ತಳ್ಳಿದರು. ಗಾಲಿ ನೆಲದಿಂದ ನಾಲ್ಕು ಬೆರಳು ಮೇಲೆದ್ದಿತು. ಅಚ್ಚಿನ ತುದಿಯಲ್ಲಿ ಕಡಾಣಿ, ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ಗೂಟ, ಮೇಲೆ ತಲೆ. ಜಾರಿ ಬೀಳದಂತೆ ಅದಕ್ಕೆ ತೊಗಲಿನ ಪಟ್ಟಿ ಸುತ್ತಿತ್ತು. ಅವನು ಪಟ್ಟಿ ಬಿಚ್ಚುತ್ತ ಒಂದು ಕ್ಷಣ ತಡೆದ. ಬೆಂಗಳೂರಿನಲ್ಲಿ ಬೆರಳಿಟ್ಟು ನೋಡುವ ಆ ಸ್ಪ್ರಿಂಗ್ ಲಾಕಿನ ಕೆಲಸವನ್ನು ಇಲ್ಲಿ ಮಾಡುತ್ತಿದ್ದದ್ದು ಈ ತೊಗಲು.

ಕೆಳಗಿನಿಂದ ನಾಲ್ಕು ಪೆಟ್ಟು. ಕಡಾಣಿ ಮೇಲೆ ಬಂತು, ಅದರ ಹಿಂದಿದ್ದ ಬಿಲ್ಲೆಯೂ ಕೈಗೆ ಬಂತು. ಗಾಲಿಯನ್ನು ಅತ್ತಿತ್ತ ಅಲ್ಲಾಡಿಸುತ್ತ ಎಳೆದರೆ ಗುಂಬ ಅಚ್ಚಿನಿಂದ ಕರಕರ ಎನ್ನುತ್ತ ಜಾರಿತು. ಗೋಡೆಗೆ ಒರಗಿಸಿದ ಗಾಲಿಯ ಕಬ್ಬಿಣದ ಪಟ್ಟಿಯ ಮೇಲೆ ಒಂದೂ ಮೊಳೆಯಿರಲಿಲ್ಲ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಪಟ್ಟಿಯನ್ನು ಮರದ ಮೇಲೆ ಇಳಿಸಿ, ಕೊಡಗಟ್ಟಲೆ ನೀರು ಸುರಿದದ್ದು. ಕುಗ್ಗುವ ಕಬ್ಬಿಣವೇ ಅರೆಕಾಲುಗಳನ್ನೆಲ್ಲ ಗುಂಬದ ಕಡೆಗೆ ಒತ್ತಿ ಹಿಡಿದದ್ದು. ಆ ಹಿಡಿತ ಇನ್ನೂ ಸಡಿಲಾಗಿಲ್ಲ.

ರೇಸ್ ಕಾರಿಗೂ ಈ ಗಾಡಿಗೂ ಒಂದು ದೊಡ್ಡ ಅಂತರವಿದೆ. ಕಾರಿನ ಗಾಲಿ ಹಬ್ಬಿಗೆ ಅಂಟಿ ಅದರೊಂದಿಗೇ ತಿರುಗಬೇಕು. ಗಾಡಿಯ ಗಾಲಿ ನಿಂತ ಅಚ್ಚಿನ ಸುತ್ತ ತಾನೊಂದೇ ತಿರುಗಬೇಕು, ಕಡಾಣಿ ಅದನ್ನು ಬಿಗಿಯುವುದಿಲ್ಲ, ಹೊರಗೆ ಹೋಗದಂತೆ ಬಾಗಿಲಲ್ಲಿ ನಿಲ್ಲುತ್ತದೆ. ಹಾಗಾಗಿ ಎಣ್ಣೆಯೂ ಬೇರೆ. ದೊಡ್ಡಪ್ಪ ಬಿದಿರಿನ ಗೊಟ್ಟದಿಂದ ಕಪ್ಪನೆಯ ಕೀಲೆಣ್ಣೆ ತೆಗೆದರು, ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಹುಡುಗ ಬಟ್ಟೆಯಿಂದ ಹಳೆಯ ಜಿಡ್ಡು ಒರೆಸಿದ, ಅಚ್ಚಿನ ಗುಂಟ ಬೆರಳಾಡಿಸಿ ಮರಳ ಕಣ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ, ಆಮೇಲೆ ಎಣ್ಣೆಯನ್ನು ಬಳಿದ. ಈ ಸಲ ಅವನ ಕೈ ಏನನ್ನೂ ಮರೆಯಲಿಲ್ಲ.

ಗಾಲಿ ಮೇಲೆತ್ತಿ ತಳ್ಳಿದರು. ಬಿಲ್ಲೆ. ಕಡಾಣಿ. ಅವನು ಸುತ್ತಿಗೆ ಎತ್ತಿದ.

‘ನಿಲ್ಲು. ಕೂತಿದೆಯಾ ಗಾಲಿ?’

ಅಲ್ಲಾಡಿಸಿ ನೋಡಿದ. ಇನ್ನೂ ಅರ್ಧ ಬೆರಳು ಹೊರಗಿತ್ತು, ಕಡಾಣಿಯ ತೂತು ಪೂರ್ತಿ ತೆರೆದಿರಲಿಲ್ಲ. ಈಗ ಹೊಡೆದಿದ್ದರೆ ಗೂಟ ಬಿಲ್ಲೆಯ ಅಂಚಿಗೆ ಕಚ್ಚಿಕೊಳ್ಳುತ್ತಿತ್ತು. ಇಬ್ಬರೂ ಹೆಗಲು ಕೊಟ್ಟು ಮತ್ತೊಮ್ಮೆ ತಳ್ಳಿದರು. ತೂತು ಕಂಡಿತು, ಕಡಾಣಿ ಕೈಯಲ್ಲೇ ಮುಕ್ಕಾಲು ಇಳಿಯಿತು.

ಮೊದಲ ಪೆಟ್ಟಿಗೆ ಮಂದ ಸದ್ದು. ಎರಡನೆಯದಕ್ಕೂ ಅದೇ. ಮೂರನೆಯ ಪೆಟ್ಟಿಗೆ ಠಣ್ ಎಂದಿತು. ಪಿಟ್ಟಿನಲ್ಲಿ ಗನ್ ಹಿಡಿದವರು ನಟ್ಟು ಕೂತದ್ದನ್ನು ಅರಿಯುವುದೂ ಹೀಗೇ, ಚೀರುವ ಸದ್ದು ಥಟ್ಟನೆ ತಗ್ಗಿದಾಗ. ದೊಡ್ಡಪ್ಪ ತಲೆ ಓರೆ ಮಾಡಿ ಕೇಳುತ್ತಿದ್ದರು.

‘ಕೂತು,’ ಅಂದರು.

ಹುಡುಗ ತೊಗಲಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಕಟ್ಟಿದ. ನೆಲದಿಂದ ಮೇಲಿದ್ದ ಗಾಲಿಯನ್ನು ದೊಡ್ಡಪ್ಪ ಒಂದು ಕೈಯಿಂದ ತಿರುಗಿಸಿ ಬಿಟ್ಟರು. ಸದ್ದಿಲ್ಲದೆ ತಿರುಗಿತು. ಅದು ನಿಲ್ಲುವುದನ್ನು ಕಾಯುತ್ತ ದೊಡ್ಡಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು.